ಭಯವನ್ನು ಕತ್ತರಿಸದ ಕಥೆಗಾರ್ತಿ ಓಫೆಲಿಯಾ ಬರ್ರಿಯೆಂತೋಸ್

ಯಾಕಿಮಾ ಕಣಿವೆಗೆ ವಲಸೆ ಬಂದು ಸೇಬುತೋಟಗಳಲ್ಲಿ ದುಡಿಯುವ ಮೆಕ್ಸಿಕನ್ ಕುಟುಂಬಗಳ ನಡುವೆ, ಆರೋಗ್ಯಶಿಕ್ಷಣವನ್ನು ಉಪದೇಶದ ಪೀಠದಿಂದ ಇಳಿಸಿ ತಾಯಂದಿರ ಕೈಯ ಫೋನಿಗೆ ತಂದವರಲ್ಲಿ ಶ್ರೀಮತಿ ಓಫೆಲಿಯಾ ಬರ್ರಿಯೆಂತೋಸ್ ಅವರು ಮೊದಲಿಗರು.

ಊರಿನ ಆರೋಗ್ಯ ಕೇಂದ್ರದ ಪರವಾಗಿ ಮನೆಮನೆಗೆ ಕರಪತ್ರ ಹಂಚುತ್ತ ಸೇವೆಗೆ ತೊಡಗಿದ ಅವರು, ಲಸಿಕೆಯ ಕುರಿತು ಕೇಂದ್ರ ತಯಾರಿಸಿದ ಮೊದಲ ಕಿರುಚಿತ್ರವನ್ನು ಚರ್ಚಿನ ಸಭಾಂಗಣದಲ್ಲಿ ತೋರಿಸಿದರು. ಚಿತ್ರದಲ್ಲಿ ವೈದ್ಯರ ಮಾತು ತಡವರಿಕೆಯಿಲ್ಲದೆ ಹರಿಯಿತು. ಹಾಸಿಗೆ ಮಾರುವವರೂ ಟಿವಿಯಲ್ಲಿ ಹೀಗೆಯೇ ಮಾತಾಡುತ್ತಾರೆಂದು ಅಜ್ಜಿಯೊಬ್ಬರು ಹೇಳಿದಾಗ, ಎಲ್ಲರಿಗಿಂತ ಮೊದಲು ನಕ್ಕವರು ಓಫೆಲಿಯಾ ಅವರೇ. ಅನಂತರ ತಾಯಂದಿರೇ ಫೋನಿನಲ್ಲಿ ತಮ್ಮ ಫೋಟೊಗಳನ್ನು ಜೋಡಿಸಿ, ತಮ್ಮ ದನಿಯಲ್ಲಿ ಕಥೆ ಹೇಳುವ ಕಿರುಚಿತ್ರಗಳ ಪದ್ಧತಿಯನ್ನು ಅವರು ಆರಂಭಿಸಿದರು.

ಪಕ್ಕದ ಊರಿಗೆ ದಡಾರ ಬಂದ ವರ್ಷ, ನೊಹೆಮಿ ಸರಗೋಸಾ ಎಂಬ ತಾಯಿ ತಮ್ಮ ಕೂಸು ಇಕೆರ್‌ಗೆ ಲಸಿಕೆ ಬೇಡವೆಂದರು. ಹಿಂದೆ ಹಿರಿಮಗಳಿಗೆ ಲಸಿಕೆಯ ನಂತರ ಜ್ವರವೇರಿ ಫಿಟ್ಸ್ ಬಂದಿತ್ತು. ಮಗಳು ಚೇತರಿಸಿಕೊಂಡರೂ ತಾಯಿಯ ಭಯ ಹೋಗಿರಲಿಲ್ಲ. ಓಫೆಲಿಯಾ ವಾದಿಸಲಿಲ್ಲ. ವೈದ್ಯರಲ್ಲಿಗೆ ಕರೆದೊಯ್ದು ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡಿಸಿ, ಬಳಿಕ ಆ ಭಯವನ್ನೇ ಕಥೆಯಾಗಿ ಹೇಳುವಂತೆ ಕೋರಿದರು. ನೊಹೆಮಿ ಮಾಡಿದ ಚಿತ್ರದಿಂದ ಭಯದ ಭಾಗವನ್ನು ಕತ್ತರಿಸಲು ಕೇಂದ್ರದ ಮೇಲಧಿಕಾರಿ ಸೂಚಿಸಿದಾಗ ಓಫೆಲಿಯಾ ಅವರ ಉತ್ತರ ಇಷ್ಟೇ: "ಅದನ್ನ ತೆಗೆದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ ಸಾರ್?"

ಚಿತ್ರ ತೋರಿಸಿದ ದಿನ ಇಕೆರ್‌ನ ಧರ್ಮತಾಯಿ ಯಾದಿರಾ ಮುಂದಿನ ಸಾಲಿನಲ್ಲಿದ್ದರು. ಮಗುವಿನ ತಾಯಿಯೂ ಧರ್ಮತಾಯಿಯೂ ಒಬ್ಬರಿಗೊಬ್ಬರು ಕೋಮಾದ್ರೆಯರು, ಅಂದರೆ ಜೊತೆತಾಯಂದಿರು. ಮಗುವಿನ ಮೇಲೆ ಇಬ್ಬರಿಗೂ ಹಕ್ಕು. ದೀಪ ಹತ್ತಿದೊಡನೆ ಯಾದಿರಾ ಹಿಂದೆ ತಿರುಗಿ ನೊಹೆಮಿಯನ್ನು ಕೇಳಿದರು:

"ಅರ್ಧಕ್ಕೇ ನಿಲ್ಸಿದ್ದೀಯಲ್ಲೇ ಕೋಮಾದ್ರೆ. ಆಮೇಲೇನಾಯ್ತು?"

"ಇನ್ನೂ ಏನೂ ಆಗಿಲ್ಲ ಕಣೇ," ಎಂದರು ನೊಹೆಮಿ.

"ಹಾಗಾದ್ರೆ ಏಳು, ಲಸಿಕೆ ಹಾಕ್ಸೋಣ. ಮಗೂನ ನಾನ್ ಎತ್ಕೋತೀನಿ, ನೀನು ಫೋನ್ ಹಿಡ್ಕೋ. ನನ್ ಮುಖ ಮಾತ್ರ ದಪ್ಪ ಬರ್ಸ್ಬೇಡ."

ನೊಹೆಮಿ ಓಫೆಲಿಯಾ ಅವರತ್ತ ತಿರುಗಿದರು. "ಜ್ವರ ಬಂದ್ರೆ?"

"ನಾನೂ ಬಂದು ಕೂರ್ತೀನಿ ಮಗಳೇ."

ಮರುದಿನವೇ ಲಸಿಕೆಯಾಯಿತು. ಕೂಸು ಕ್ಷಣಕಾಲ ಅತ್ತಿತು. ಯಾದಿರಾ ಮನೆ ತಲುಪುವವರೆಗೂ ಅತ್ತರು. ಜ್ವರ ಕಾಣಬಹುದೆಂದು ವೈದ್ಯರು ಹೇಳಿದ್ದ ದಿನಗಳಲ್ಲಿ ಓಫೆಲಿಯಾ ಪ್ರತಿದಿನ ಬೆಳಿಗ್ಗೆ ಆ ಮನೆಯ ಅಡುಗೆಮನೆಯಲ್ಲಿ ಕುಳಿತರು. ಕೂಸಿನ ಮೈ ಕೊಂಚ ಬೆಚ್ಚಗಾಗಿ ಮತ್ತೆ ತಣಿಯಿತು. ನೊಹೆಮಿ ಕೊನೆಯ ಭಾಗವನ್ನು ತಾವೇ ಜೋಡಿಸಿ ಸಭಾಂಗಣಕ್ಕೆ ತಂದರು. ನೋಡಿದ ತಾಯಂದಿರು ಅಲ್ಲಿಯೇ ತಮ್ಮ ಪ್ರಶ್ನೆಗಳನ್ನು ಕೇಳತೊಡಗಿದರು.

ಈಗ ಕೇಂದ್ರವು ಓಫೆಲಿಯಾ ಅವರನ್ನು ನಿವೃತ್ತಗೊಳಿಸಿದೆ. ಮುಂದಿನ ಗುರುವಾರದ ಚಿತ್ರಪ್ರದರ್ಶನಕ್ಕೆ ತಪ್ಪದೆ ಬರಬೇಕೆಂದು ತಾಯಂದಿರು ಆಗಲೇ ತಾಕೀತು ಮಾಡಿದ್ದಾರೆ. ಆ ತಾಕೀತನ್ನು ಅವರು ದೀರ್ಘಕಾಲ, ಗಟ್ಟಿ ಆರೋಗ್ಯದಿಂದ, ಪಾಲಿಸುತ್ತಲೇ ಇರಲಿ.