ಒಡೆದ ಫೋನಿಗೆ ಬಂದ ಕರೆ

ಇದು ನಡೆದದ್ದು. ನಡೆದ ಹಾಗೆಯೇ ನನಗೆ ನೆನಪಿದೆ ಎಂದು ಮಾತ್ರ ಆಣೆ ಮಾಡಲಾರೆ... ನೆನಪಿನ ಮೇಲಿದ್ದ ನಂಬಿಕೆ ಹೋದದ್ದೇ ಆ ರಾತ್ರಿ. ಆದರೆ ಫೋನಿನಲ್ಲಿ ಬಂದ ಮಾತನ್ನು ನಾನೊಬ್ಬನೇ ಕೇಳಿಲ್ಲ. ಗೌರಮ್ಮನೂ ಕೇಳಿದ್ದಾಳೆ. ಅವಳು ಈಗಲೂ ತಿಗನಾರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ.

ಗೌರಮ್ಮನ ಗಂಡ ಮಾದೇವ ನನ್ನ ಗೆಳೆಯ. ನಮ್ಮಿಬ್ಬರ ಜೋಳದ ಹೊಲಗಳು ಒಂದಕ್ಕೊಂದು ಅಂಟಿಕೊಂಡಿವೆ. ತೆನೆ ಕಟ್ಟಿದ ಮೇಲೆ ಆನೆ ನುಗ್ಗದಂತೆ ರಾತ್ರಿ ಕಾವಲು. ಅವನು ಹುಣಸೆಮರದ ಮೇಲಿನ ತನ್ನ ಅಟ್ಟಣೆಯಲ್ಲಿ, ನಾನು ನನ್ನದರಲ್ಲಿ. ಕೂಗಿದರೆ ಆನೆ ದನಿ ಬಂದ ಕಡೆ ತಿರುಗುತ್ತದೆ, ಅದಕ್ಕೇ ಫೋನಿನಲ್ಲಿ ಪಿಸುಮಾತು. ಕಾಡಿನಿಂದ ಇಳಿಯುವ ಹಳ್ಳ ನನ್ನ ಅಟ್ಟಣೆಗೆ ಕಾಣುತ್ತದೆ, ಅವನದಕ್ಕೆ ಕಾಣದು. ಆನೆ ಹಳ್ಳ ದಾಟಿ ಕಾಡಿಗೆ ಹೋಯಿತು ಎಂದು ನಾನು ಹೇಳದೆ ಮಾದೇವ ಕೆಳಗೆ ಇಳಿಯುತ್ತಿರಲಿಲ್ಲ. ಒಂದು ಸಲವೂ ಇಳಿದಿರಲಿಲ್ಲ.

ಕಳೆದ ವರ್ಷ ಒಂದು ಸಂಜೆ ಏಣಿ ಹತ್ತುವಾಗ ನನ್ನ ಫೋನು ಜೇಬಿನಿಂದ ಜಾರಿ ಬಂಡೆಯ ಮೇಲೆ ಬಿತ್ತು. ಚೂರುಚೂರು. ಊಟ ತಂದಿದ್ದ ಗೌರಮ್ಮನೇ ಆ ಚೂರುಗಳನ್ನು ಆಯ್ದು ಸೆರಗಿಗೆ ಕಟ್ಟಿಕೊಂಡಳು.

ನಾನು ಮಾದೇವನ ಮರದ ಹತ್ತಿರ ಹೋಗಿ, "ಇವತ್ತು ಫೋನಿಲ್ಲ. ಬೆಳಕರಿಯಗಂಟ ಇಳೀಬ್ಯಾಡ ಕಣ್ಲಾ" ಎಂದೆ.

"ಉಚ್ಚೆ ಬಂದ್ರ ಮೇಲಿಂದ್ಲೇ ನಿನ್ ಒಲಕ್ಕ ಬುಡ್ತೀನಿ, ಓಗ್ಲಾ" ಎಂದು ಮಾದೇವ ನಕ್ಕ.

ಆ ರಾತ್ರಿ ಅವನು ಇಳಿದ. ಹುಣಸೆಮರದಿಂದ ಹತ್ತು ಹೆಜ್ಜೆಯೂ ಹೋಗಿರಲಿಲ್ಲ... ಆನೆ ತುಳಿಯಿತು.

ಯಾಕೆ ಇಳಿದ? ಪೊಲೀಸಿನವರು ಕೇಳಿದರು, ಅರಣ್ಯದವರು ಕೇಳಿದರು, ಸಾವಿಗೆ ಬಂದ ನೆಂಟರೆಲ್ಲ ಕೇಳಿದರು. ಫೋನು ಒಡೆದಿತ್ತು, ನನಗೆ ನಿದ್ದೆ ಹತ್ತಿತ್ತು, ಏನೂ ಗೊತ್ತಿಲ್ಲ ಎಂದೆ. ಎಲ್ಲರಿಗೂ ಅದನ್ನೇ ಹೇಳಿದೆ.

ವರ್ಷ ಕಳೆದ ಮೇಲೆ ಗೌರಮ್ಮ ಬಂದು ಜಗಲಿಯಲ್ಲಿ ಕೂತಳು.

"ಮೊಖ ಫೋಟೋದಲ್ಲದ. ದನಿ ಎಲ್ಲದ ಅಣ್ಣ? ನಂಗ ಮರ್ತೋಯ್ತಾ ಅದ. ನಿಮ್ ಫೋನು ಮಾತೆಲ್ಲ ಇಡ್ಕತಿತ್ತಲ್ಲ, ಒಂದ್ಸಲ ಕೇಳಿಸ್ಬುಡಿ."

ಹಿಡಿದುಕೊಳ್ಳುತ್ತಿದ್ದದ್ದು ನಿಜ. ಬಾಳೆ ವ್ಯಾಪಾರಿಗಳು ಆಡಿದ ಮಾತು ತಿರುಗಿಸುತ್ತಾರೆಂದು ಕರೆ ರೆಕಾರ್ಡ್ ಮಾಡುವ ಆ್ಯಪ್ ಹಾಕಿಸಿದ್ದೆ. ಫೋನು ಒಡೆದ ಮೇಲೆ ಬಟನ್ ಫೋನಿನಲ್ಲೇ ಕಾಲ ಹಾಕಿದ್ದೆ. ತಾಳವಾಡಿಯಲ್ಲಿ ಫೋನು ರಿಪೇರಿ ಮಾಡುವ ಸೆಲ್ವನ ಹತ್ತಿರ ಹೋದೆ. ಅವನು ಹಳೆಯದೊಂದು ಟಚ್ ಫೋನು ಕೊಟ್ಟ.

"ಒಡ್ದದ್ದು ಡಬ್ಬ ಅಣ್ಣಾ. ಒಳ್ಗಿದ್ದದ್ದೆಲ್ಲ ಬ್ಯಾಕಪ್ಪಲ್ಲಿ ಇರ್ತದ. ಅದೇ ಅಕೌಂಟು, ಅದೇ ಪಾಸ್‌ವರ್ಡು ಆಕಿ ಸುಮ್ನ ಕೂತ್ಕಳಿ. ಆ್ಯಪು, ನಂಬರು, ಮೆಸೇಜು, ಫೋಟೋ, ರೆಕಾರ್ಡಿಂಗು, ಎಲ್ಲ ತಾನಾಗೇ ಬತ್ತದ. ಮದ್ವೆ ಆದ್ಮೇಲೆ ಎಣ್ಣಿನ್ ಸಾಮಾನು ಗಾಡಿ ಇಂದ್ಗಡೆ ಬರಲ್ವಾ, ಅಂಗೆ."

"ಮಾವನೂ ಬತ್ತನೇನ್ಲಾ?"

"ಮಾವ ಬರ್ದಿದ್ರ ಪುಣ್ಯ" ಎಂದು ನಕ್ಕು ನನ್ನ ಕೈಗೆ ಚಾರ್ಜರು ಇಟ್ಟ.

ನಮ್ಮೂರಿನ ಸಿಗ್ನಲ್ಲು ಎಂಥದ್ದೆಂದರೆ ಸಂಜೆ ಆರಕ್ಕೆ ಶುರುವಾದದ್ದು ಎಂಟಾದರೂ ಮುಗಿಯಲಿಲ್ಲ. ಕರೆಂಟು ಹೋಯಿತು. ಹೊಲಗಳ ಕಡೆಯಿಂದ ಆನೆ ಬೆದರಿಸಲು ಮೆಣಸಿನಕಾಯಿ ಸುಟ್ಟ ಘಾಟು ಬರುತ್ತಿತ್ತು, ದೂರದಲ್ಲಿ ಒಂದೊಂದೇ ಪಟಾಕಿ... ಗೌರಮ್ಮ ಜಗಲಿಯ ಕಂಬಕ್ಕೆ ಒರಗಿದ್ದಳು.

ಮೊದಲು ಪರದೆಯ ಮೇಲೆ ನನ್ನ ಹಳೆಯ ಎತ್ತಿನ ಚಿತ್ರ ಬಂತು. ಆಮೇಲೆ ಆ್ಯಪ್‌ಗಳು, ಬೂದಿ ಬಣ್ಣದಲ್ಲಿ. ಒಂದೊಂದಕ್ಕೇ ಬಣ್ಣ ತುಂಬುತ್ತಿತ್ತು. ನಾನು ಮರೆತ ಹೆಸರುಗಳು, ಓದದೆ ಬಿಟ್ಟ ಮೆಸೇಜುಗಳು... ಒಂದು ವರ್ಷದ ಹಿಂದಿನ ನಾನು ಹಾಗೆಯೇ ಬಂದು ಎದುರಿಗೆ ಕೂತಂತಿತ್ತು. ನನಗೆ ಅದು ಹಿತವೆನಿಸಲಿಲ್ಲ.

ರೆಕಾರ್ಡಿಂಗ್‌ಗಳ ಪಟ್ಟಿ ತೆರೆದೆ. ಎಲ್ಲಕ್ಕಿಂತ ಮೇಲಿದ್ದದ್ದು ಮಾದೇವನ ಕರೆ. ತಾರೀಖು ಅವನು ಸತ್ತ ದಿನದ್ದು. ಸಮಯ ರಾತ್ರಿ ಹತ್ತು ಐವತ್ತೆರಡು.

ಫೋನು ಒಡೆದದ್ದು ಸಂಜೆ ಆರಕ್ಕೆ.

ಗೌರಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಒತ್ತಿ ಅಣ್ಣ."

ಒತ್ತಿದೆ. ಜೀರುಂಡೆಯ ಸದ್ದು... ಗಾಳಿ. ಆಮೇಲೆ ಮಾದೇವ, ಪಿಸುದನಿಯಲ್ಲಿ. "ಮಲ್ಲೇಶ... ಓಯ್ತೇನ್ಲಾ?"

ಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಓಯ್ತು. ಇಳಿ."

ನನ್ನ ದನಿ. ನನ್ನದೇ.

"ಅಳ್ಳ ದಾಟ್ತಾ?"

"ದಾಟ್ತು. ಇಳೀಲಾ, ನಾ ನೋಡ್ತಾವ್ನಿ."

"ಸರಿ, ಅಂಗಾರ ಇಳೀತೀನಿ."

ಕರೆ ಅಲ್ಲಿಗೆ ಮುಗಿಯಲಿಲ್ಲ. ಜೋಳದ ದಂಟು ಮುರಿಯುವ ಸದ್ದು ಬಂತು, ಲಟ್... ಲಟ್... ಮಾದೇವನ ಕಡೆಯಿಂದಲ್ಲ. ನನ್ನ ದನಿ ಎಲ್ಲಿಂದ ಬಂದಿತ್ತೋ ಅಲ್ಲಿಂದ, ತೀರ ಹತ್ತಿರದಿಂದ. ಅಟ್ಟಣೆಯ ಮೇಲೆ ಜೋಳ ಎಲ್ಲಿಂದ ಬರಬೇಕು? ಮಾತಾಡಿದವನು ಜೋಳದ ನಡುವೆ ನಿಂತಿದ್ದ. ಆನೆ ನಿಂತಿದ್ದ ಜಾಗದಲ್ಲಿ.

ಗೌರಮ್ಮ ಎದ್ದು ಮನೆಗೆ ಹೋದಳು. ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ಒಡೆದ ಗಾಜು, ಬಾಗಿದ ತಗಡು... ನನ್ನ ಫೋನು.

"ಇದ ನಾ ಆಯ್ಕಂಡದ್ದು ಅವತ್ತು ಸಂಜ್ಗೇ ಅಲ್ವಾ ಅಣ್ಣ?"

"ಅವತ್ತೇ."

"ಮಾರ್ನೇ ದಿನ ಅಲ್ವಲ್ಲ?"

ಫೋನು ಬೀಳುವುದು ಕಣ್ಣ ಮುಂದೆ ಬಂತು. ಒಂದು ಸಲ ಅದು ಮಗುಚಿ ಬೀಳುತ್ತದೆ, ಇನ್ನೊಂದು ಸಲ ಅಂಗಾತ. ನಾನು ಕಂಡದ್ದು ಯಾವುದು, ನೂರು ಜನಕ್ಕೆ ಹೇಳಿ ಹೇಳಿ ಕಂಡಂತಾದದ್ದು ಯಾವುದು? ಗೌರಮ್ಮನ ನೆನಪಾದರೂ ಅವಳದೇ, ಇಲ್ಲ ನನ್ನ ಬಾಯಿಂದ ಕೇಳಿದ್ದೇ? ಆ ರಾತ್ರಿ ನಾನು ನಿಜವಾಗಿ ಮಲಗಿದ್ದೆನೇ? ಬೆಳಿಗ್ಗೆ ಎದ್ದಾಗ ನನ್ನ ಪಂಚೆಯ ಅಂಚು ಒದ್ದೆಯಾಗಿತ್ತು ಅನ್ನಿಸುತ್ತದೆ... ಅದು ಆವತ್ತಿನದ್ದೋ, ಬೇರೆ ದಿನದ್ದೋ.

"ಗೌರಮ್ಮ, ನಾನಲ್ಲ ಕಣವ್ವ" ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ. "ನಿಮ್ ಮಾತ ತಗ್ದಾಕ್ಬುಟ್ಟು ಅವರ್ದು ಮಾತ್ರ ಕೊಡಿ" ಎಂದಳು.

ಕತ್ತರಿಸಿ ಅವಳ ಫೋನಿಗೆ ಕಳಿಸಿದೆ. ದಿನಾ ಹೊತ್ತು ಮುಳುಗಿದ ಮೇಲೆ ಬೇಲಿಯಾಚೆಯಿಂದ ಮಾದೇವ ಮೂರು ಮಾತು ಆಡುತ್ತಾನೆ. ನನ್ನ ಮಾತಿದ್ದ ಕಡೆಗಳಲ್ಲಿ ಈಗ ಬರೀ ಖಾಲಿ. ಆ ಖಾಲಿ ಬಂದಾಗಲೆಲ್ಲ ನನ್ನ ತುಟಿ ತಾನಾಗಿ ಅಲುಗುತ್ತದೆ... ಕೈಯಿಂದ ಮುಚ್ಚಿಕೊಳ್ಳುತ್ತೇನೆ.

ಗೌರಮ್ಮ ಯಾರಿಗೂ ಹೇಳಿಲ್ಲ. ಹಗಲಲ್ಲಿ ಮೊದಲಿನ ಹಾಗೇ ಮಾತಾಡಿಸುತ್ತಾಳೆ. ಮೊನ್ನೆ ಕತ್ತಲಾದ ಮೇಲೆ ಒಂಟಿ ಆನೆ ಊರೊಳಗೆ ಬಂದು ಅವಳ ಕೊಟ್ಟಿಗೆಯ ಗೋಡೆ ಬೀಳಿಸಿತು. ಒಳಗಿದ್ದ ಕರು ಅರಚುತ್ತಿತ್ತು. ಓಡಿಹೋಗಿ ಬಾಗಿಲು ಬಡಿದೆ.

"ಗೌರಮ್ಮ, ಆನೆ ಓಯ್ತು! ಬಾಗ್ಲು ತಗಿ, ಕರು ಸಿಕ್ಕಾಕ್ಕಂಡದ!"

ಒಳಗೆ ದೀಪ ಆರಿತು.

"ಮೊಖ ತೋರ್ಸಿ ಅಣ್ಣ."

ಟಾರ್ಚನ್ನು ನನ್ನ ಮುಖಕ್ಕೇ ಬಿಟ್ಟುಕೊಂಡೆ. ಕಿಟಕಿಯ ಸಂದಿಯಿಂದ ಅವಳು ತುಂಬ ಹೊತ್ತು ನೋಡಿದಳು. ಬಾಗಿಲು ತೆಗೆಯಲಿಲ್ಲ.

ಆ ಬೆಳಕಿನಲ್ಲಿ ನನಗೂ ಏನೂ ಕಾಣುತ್ತಿರಲಿಲ್ಲ. ಆನೆ ಹೋಯಿತು ಎಂದೆನಲ್ಲ, ಅದು ಹೋದದ್ದನ್ನು ನಾನು ನೋಡಿದ್ದೆನೇ? ಅಲ್ಲೇ ನಿಂತು ಜ್ಞಾಪಿಸಿಕೊಳ್ಳಲು ನೋಡಿದೆ...

ಆಗಲಿಲ್ಲ.