ಒಳಗಿನಿಂದ ಒಂದು ಚಿಲಕ

ಗುತ್ತಲದ ಆಚೆ, ಸುತ್ತ ಒಂದು ಮನೆಯೂ ಕಾಣದ ಬಯಲಿನ ಸೋಲಾರ್ ಪ್ಲಾಂಟಿಗೆ ನನ್ನನ್ನು ಕರೆಸಿದ್ದು ಕಂಟ್ರೋಲ್ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಲು. ನಾನು ಬಡಗಿ. ಆ ರೂಮಿನಲ್ಲಿ ಕೆಲಸಕ್ಕಿದ್ದವಳು ಕರ್ಜಗಿಯ ಸುನಂದಾ ಒಬ್ಬಳೇ, ನನ್ನ ಮಗಳ ವಯಸ್ಸಿನವಳು.

"ಕಳ್ಳರ ಕಾಟ ಐತೇನವ್ವಾ?" ಎಂದು ಕೇಳಿದೆ.

"ಕಳ್ಳರಲ್ರಿ ಕಾಕಾ, ಮ್ಯಾನೇಜರ್. ಹಿಂದಿನಿಂದ ಬಂದು ಮೈ ಮುಟ್ಟತಾನ್ರಿ. ಹೆಡ್ ಆಫೀಸಿಗೆ ದೂರು ಕೊಟ್ಟಿದ್ದೆ. ಚಿಲಕಾ ಹಾಕಿಸಾಕ ಅವಗ ಹೇಳ್ಯಾರ."

ನನಗೆ ಫೋನ್ ಮಾಡಿ ಕರೆಸಿದ್ದವನೂ ಅವನೇ. ಇದ್ದುದರಲ್ಲಿ ಉದ್ದನೆಯ ಸ್ಕ್ರೂ ಆರಿಸಿ ಬಿಗಿದೆ.

"ನೀರಿಗೆ, ಬಾತ್‌ರೂಮಿಗೆ ಹೊರಗ ಹೋಗಬೇಕಲ್ರಿ," ಅಂದಳು ಮೆಲ್ಲಗೆ. ನಾನು ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದೆ.

ಮರುವಾರ ಹೆಡ್ ಆಫೀಸಿನ ಮೇಡಂ ಒಬ್ಬರು ಫೋನ್ ಮಾಡಿ, ಚಿಲಕ ಗಟ್ಟಿಯಾಗಿದೆಯೇ ಎಂದು ವಿಚಾರಿಸಿದರು.

"ಗಟ್ಟಿ ಐತ್ರಿ. ಆ ಮನಷ್ಯಾಗ ಏನು ಮಾಡಿದ್ರಿ?"

"ಅದು ನಮ್ಮ ಆಫೀಸಿನ ವಿಷಯ," ಎಂದು ಫೋನ್ ಇಟ್ಟರು.

ಮ್ಯಾನೇಜರ್ ಇನ್ನೂ ಅಲ್ಲೇ ಇದ್ದಾನೆ. ಡಿಪ್ಲೊಮಾ ಓದಿದ ಸುನಂದಾ ಮಾತ್ರ ಆ ಕೆಲಸ ಬಿಟ್ಟು, ಮೊನ್ನೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಸಿಕ್ಕಳು. ಹೇಗಿದ್ದೀಯವ್ವಾ ಎಂದೆ.

"ಖಾರಕ್ಕ ಕಣ್ಣು ಉರಿತಾವ್ರಿ ಕಾಕಾ," ಎಂದಳು. "ಆದ್ರ ಸುತ್ತಲೂ ಮಂದಿ ಅದಾರ."