ಅಪ್ಪನ ಅರ್ಧ ದೋಣಿ

ನಿವೃತ್ತರಾದ ಗಂಡಸರಿಗೆ ಏನಾದರೊಂದು ಹುಚ್ಚು ಹತ್ತಲೇಬೇಕು. ನಮ್ಮ ನೆರೂಳದ ಸೊಸೈಟಿಯಲ್ಲಿ ಒಬ್ಬರಿಗೆ ಪಾರ್ಕಿಂಗ್ ಜಗಳದ ಹುಚ್ಚು, ಇನ್ನೊಬ್ಬರಿಗೆ ಹೋಮಿಯೋಪತಿಯದು. ನಮ್ಮಪ್ಪನಿಗೆ ದೋಣಿಯದು ಹತ್ತಿತು. ವಿಜಯಪುರದ ಒಣಬಿಸಿಲಲ್ಲಿ ಹುಟ್ಟಿ, ಜೀವನಪೂರ್ತಿ ತುರ್ಭೆಯ ಒಂದು ಕಂಪನಿಯ ಲೆಕ್ಕಪತ್ರ ನೋಡಿದ ಮನುಷ್ಯ, ಸಮುದ್ರದ ನೀರು ಊರೊಳಗೆ ಚಾಚಿದ ಖಾಡಿಯ ದಂಡೆಗೆ ವಾಕಿಂಗ್ ಹೋಗುತ್ತ ಹೋಗುತ್ತ ಒಬ್ಬ ಮೀನುಗಾರನ ಗೆಳೆತನ ಮಾಡಿ, ಅವನ ಹಳೇ ದೋಣಿಯಲ್ಲಿ ಅರ್ಧ ಪಾಲು ಕೊಂಡುಬಂದ. ಯಾವ ಅರ್ಧ ಎಂದು ಅವ್ವ ಕೇಳಿದಳು. ಎಂಜಿನ್ ಇರುವ ಅರ್ಧ ಎಂದು ಅಪ್ಪ ಹೆಮ್ಮೆಯಿಂದಲೇ ಹೇಳಿದ.

ಫ್ಲೆಮಿಂಗೋ ಹಕ್ಕಿ ನೋಡಲು ಬರುವವರನ್ನು ಆ ಮೀನುಗಾರ ಪಾರ್ಟ್ನರ್ ಖಾಡಿಯಲ್ಲಿ ಸುತ್ತಿಸುತ್ತಿದ್ದ. ಅಪ್ಪ ಟೊಪ್ಪಿಗೆ ಹಾಕಿಕೊಂಡು ಕ್ಯಾಪ್ಟನ್ನನ ಗತ್ತಿನಲ್ಲಿ ಜೊತೆಗೆ ಕೂರುತ್ತಿದ್ದ, ತಿರುಗಿ ಬಂದಾಗ ಲಿವರ್ ಎಳೆದು ಎಂಜಿನ್ ಬಂದ್ ಮಾಡುತ್ತಿದ್ದ. ಅವನಿಗೆ ವಹಿಸಿದ್ದ ಕೆಲಸ ಅದೊಂದೇ. ಶನಿವಾರಕ್ಕೊಮ್ಮೆ ಅವ್ವ ಬಂದು, ದೃಷ್ಟಿ ತಾಗದಿರಲೆಂದು ದೋಣಿಗೆ ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟಿ, ಅಪ್ಪ ಮರಳುವವರೆಗೆ ದಂಡೆಯ ಮೇಲೆ ನಿಂತಿರುತ್ತಿದ್ದಳು. ಬಣ್ಣ ಹೋಗಿ ಹಲಗೆ ಬಿರಿದ ಆ ದೋಣಿಯ ಮೇಲೆ ಯಾವ ಪಾಪಿಯ ಕಣ್ಣು ಬೀಳುತ್ತದೋ ನನಗಂತೂ ತಿಳಿಯುತ್ತಿರಲಿಲ್ಲ.

ಈ ಚಳಿಗಾಲದ ಕೊನೆಗೆ ಪಾರ್ಟ್ನರ್ ತನ್ನ ಅಕ್ಕನ ಮಗಳ ಹಳದಿಗೆಂದು, ಅಂದರೆ ಮದುವೆಯ ಅರಿಸಿನ ಶಾಸ್ತ್ರಕ್ಕೆಂದು, ಉರಣಕ್ಕೆ ಹೋದ. ಆ ಕಡೆ ಮದುವೆಗಿಂತ ಹಳದಿಯೇ ಜೋರು, ಹೋದವರು ಫೋನ್ ಎತ್ತುವ ಸ್ಥಿತಿಯಲ್ಲಿರುವುದಿಲ್ಲ. ಇದೇ ಸಮಯವೆಂದು ಅಪ್ಪ ಶನಿವಾರ ಬೆಳಿಗ್ಗೆ, ಮರುದಿನ ಭಾನುವಾರ ತಾನೇ ದೋಣಿ ನಡೆಸುವುದಾಗಿಯೂ ಅಳಿಯನನ್ನೂ ಭಾವಮೈದುನನನ್ನೂ ಕರೆದೊಯ್ಯುವುದಾಗಿಯೂ ಸಾರಿದ. ಅವ್ವ ಬೇಡವೆಂದಳು. ಮಾತಿಗೆ ಮಾತು ಬೆಳೆಯಿತು. ನಾಳೆ ಎಂಜಿನ್ ಚಾಲೂ ಆಗದಿದ್ದರೆ ದೋಣಿಯ ಪಾಲು ಬಿಟ್ಟುಕೊಡಬೇಕು ಎಂದು ಅವಳು ಷರತ್ತು ಹಾಕಿದಳು, ಅಪ್ಪ ಸಿಟ್ಟಿನ ಭರದಲ್ಲಿ ಹೂಂ ಅಂದುಬಿಟ್ಟ. ಸಂಜೆ ಅವ್ವ ಎಂದಿನಂತೆ ದಂಡೆಗೆ ಹೋಗಿ ನಿಂಬೆ-ಮೆಣಸಿನಕಾಯಿ ಕಟ್ಟಿಬಂದಳು. ರಾತ್ರಿ ಊಟಕ್ಕೆ ಕೂತಾಗ ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಆ ದೋಣಿ ಬಿಟ್ಟರೆ ಅವನಿಗೆ ಬೆಳಿಗ್ಗೆ ಏಳಲು ಬೇರೆ ಕಾರಣವಿರಲಿಲ್ಲ.

ಭಾನುವಾರ ನಾವೆಲ್ಲ ದಂಡೆಗೆ ಹೋದೆವು. ಅಪ್ಪ ದೋಣಿಗಿಳಿದು ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಜಿನ್ ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೆ ಸುಮ್ಮನಾಯಿತು. ಹೊಗೆಯ ಸುಳಿವೂ ಇಲ್ಲ.

ವಿಠ್ಠಲವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಇಂಥದ್ದಕ್ಕೇ ಕಾಯುತ್ತಿದ್ದವರಂತೆ ತೋಳು ಏರಿಸಿದರು. ಊರಿನ ಹೊಲದಲ್ಲಿ ಅವರಪ್ಪ ಡೀಸೆಲ್ ಪಂಪ್ ಇಟ್ಟಿದ್ದರಂತೆ. ಇದೂ ಅದೇ ಜಾತಿ, ಅದು ನೀರು ಎತ್ತುತ್ತದೆ, ಇದು ನೀರು ತಳ್ಳುತ್ತದೆ, ಅಷ್ಟೇ ಫರಕು ಎಂದರು. ನಟ್ಟು ಸಡಿಲಿಸಿ ಪೈಪಿನ ಗಾಳಿ ತೆಗೆದರು. ಡೀಸೆಲ್ ಚಿಮ್ಮಿ ಅವರ ಬಿಳಿ ಅಂಗಿಯ ಮೇಲೆ ಬಿತ್ತು. ಗಾಳಿ ಹೋಯಿತೆಂದು ಸಾರಿದರು, ಎಂಜಿನ್ ಒಪ್ಪಲಿಲ್ಲ. ಆಮೇಲೆ ಡೀಸೆಲ್ಲೇ ಕಲಬೆರಕೆ ಎಂದರು, ಅದೂ ಸಾಲದೆ ಈ ಊರಿನ ಹವೆಯೇ ಸರಿಯಿಲ್ಲ ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು.

ಕೊನೆಗೆ ಎಲ್ಲರ ಕಣ್ಣು ನನ್ನ ಗಂಡನ ಮೇಲೆ ಬಿತ್ತು. ಅವನು ತುಳು ಮನೆಯವನು. ಆದ್ದರಿಂದ ಹುಟ್ಟುವಾಗಲೇ ದೋಣಿ ವಿದ್ಯೆ ಕಲಿತು ಬಂದಿದ್ದಾನೆಂದು ನಮ್ಮ ಕಡೆಯವರ ಗಟ್ಟಿ ನಂಬಿಕೆ.

"ನೀವು ಸಮುದ್ರದ ಕಡಿಯವ್ರು, ನೀವ ಹೇಳ್ರಿ ಮತ್ತ" ಎಂದರು ಮಾವ.

"ನನಗೆ ಎಂತ ಗೊತ್ತುಂಟು ಮಾವ? ನಾನು ಹುಟ್ಟಿದ್ದೇ ಠಾಣೆ ಪೇಟೆಯಲ್ಲಿ" ಎಂದ ಅವನು. ಅವನ ಮನೆಯವರು ಎರಡು ತಲೆಮಾರಿನಿಂದ ಹೋಟೆಲಿನವರು, ಸಾಂಬಾರಿಗಿಂತ ಆಳವಾದ ನೀರಿನ ಪರಿಚಯ ಅವನಿಗಿಲ್ಲ. ಆದರೂ ಮರ್ಯಾದೆಗೆಂದು ಮೊಬೈಲಿನಲ್ಲಿ ವಿಡಿಯೋ ಹುಡುಕಿದ. ಅದರಲ್ಲಿದ್ದ ಎಂಜಿನ್ ಬೇರೆ, ಭಾಷೆಯೂ ಬೇರೆ.

ಅಷ್ಟರಲ್ಲಿ ಖಾಡಿಯ ಉಬ್ಬರದ ನೀರು ಇಳಿಯತೊಡಗಿತ್ತು. ಇನ್ನಷ್ಟು ಇಳಿದರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ, ಅಪ್ಪ ಷರತ್ತು ಸೋತಂತೆಯೇ. ಅವನು ಬೆವರು ಒರೆಸಿಕೊಳ್ಳುತ್ತ ಅವ್ವನ ಕಡೆ ನೋಡುವುದನ್ನು ತಪ್ಪಿಸುತ್ತಿದ್ದ. ಅವ್ವ ಊಟದ ಡಬ್ಬಿಯ ಚೀಲ ಹಿಡಿದು ದಂಡೆಯ ಮೇಲೆ ನಿಂತಿದ್ದಳು.

ಚಹಾ ಕೊಡಲೆಂದು ನಾನು ದೋಣಿಗೆ ಇಳಿದೆ. ಎಂಜಿನ್ನಿನ ಮಗ್ಗುಲಲ್ಲಿ ನಿಂಬೆ-ಮೆಣಸಿನಕಾಯಿಯ ಗೊಂಚಲು ನೇತಾಡುತ್ತಿತ್ತು. ಬೆಳಿಗ್ಗೆಯಿಂದ ಎಲ್ಲರೂ ಅದಕ್ಕೆ ಕೈ ತಾಗಿಸದಂತೆ, ಮಡಿಯವರಂತೆ ಸುತ್ತು ಹಾಕಿ ಕೆಲಸ ಮಾಡಿದ್ದರು. ಬಗ್ಗಿ ನೋಡಿದರೆ ಗೊಂಚಲಿನ ಹಿಂದೆ ಎಂಜಿನ್ ಬಂದ್ ಮಾಡುವ ಲಿವರ್ ಇತ್ತು. ಅದನ್ನು ಪೂರ್ತಿ ಎಳೆದು, ಹಿಂದಕ್ಕೆ ಬರದ ಹಾಗೆ ತಂತಿಯಿಂದ ಬಿಗಿಯಲಾಗಿತ್ತು. ಲಿವರ್ ಹಾಗಿರುವಾಗ ಡೀಸೆಲ್ ಪೈಪಿನವರೆಗೆ ಬಂದರೂ ಎಂಜಿನ್ನಿನ ಒಳಗೆ ಒಂದು ತೊಟ್ಟೂ ಹೋಗುವುದಿಲ್ಲ.

ನಾನು ತಂತಿ ತೋರಿಸಿದೆ. ಪಾಪ, ಗೊತ್ತಾಗದೆ ಕಟ್ಟಿದ್ದಾಳೆ ಎಂದು ಮಾವ ನಕ್ಕರು. ಹೆಂಗಸರಿಗೆ ಎಂಜಿನ್ ಏನು ತಿಳಿಯಬೇಕು ಎಂದೂ ಸೇರಿಸಿದರು.

"ಗೊತ್ತಿದ್ದ ಕಟ್ಟೀನಿ" ಎಂದಳು ಅವ್ವ ದಂಡೆಯಿಂದ. "ಅದನ್ನ ಎಳದ್ರ ಬಂದ್ ಆಗ್ತದಂತ ಪ್ರತಿ ಶನಿವಾರ ಇಲ್ಲೇ ನಿಂತು ನೋಡೀನಿ. ಪಾರ್ಟ್ನರ್ ಇದ್ರ ನನಗ ಹೆದರಿಕಿ ಇರಲಿಲ್ಲ. ನಿಮಗ ಈಸಾಕ ಬರ್ತದೇನು?"

ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಅವನಿಗೆ ಈಜು ಬರುವುದಿಲ್ಲವೆಂಬುದು ನನಗೂ ಆಗಲೇ ತಿಳಿದದ್ದು.

"ನನಗ ಬರ್ತದ. ಕೃಷ್ಣಾ ಹೊಳಿ ದಂಡ್ಯಾಗ ಬೆಳದಾಕಿ ನಾ. ಊರವ್ರನ್ನೆಲ್ಲಾ ಕೂಡಿಸಿಕೊಂಡು ತಿರಗಾಡಿದ್ರಿ. ಒಂದ ದಿನ ನನ್ನ ಬಾ ಅಂದ್ರೇನು?"

ಅವಳು ಅಷ್ಟು ಶನಿವಾರ ದಂಡೆಯ ಮೇಲೆ ನಿಂತದ್ದನ್ನು ಭಕ್ತಿಯೆಂದುಕೊಂಡಿದ್ದೆ. ಬಾ ಅನ್ನಬಹುದಿತ್ತೆಂದು ನನಗೂ ಹೊಳೆದಿರಲಿಲ್ಲ.

ಮಾವ ಅಂಗಿಯ ಡೀಸೆಲ್ ಒರೆಸಿಕೊಳ್ಳುತ್ತ ಎಲ್ಲರಿಗಿಂತ ಮೊದಲು ದಂಡೆ ಹತ್ತಿದರು. ಅಪ್ಪ ತಂತಿ ಬಿಚ್ಚಿದ, ಆದರೆ ಹ್ಯಾಂಡಲ್ ಮುಟ್ಟಲಿಲ್ಲ. ಪಾರ್ಟ್ನರ್ ಬರುವ ತನಕ ದೂರ ಹೋಗುವುದು ಬೇಡ, ಇಲ್ಲೇ ಒಂದು ಸುತ್ತು ಹಾಕೋಣ ಎಂದು ಸಣ್ಣ ದನಿಯಲ್ಲಿ ಹೇಳಿ, ಕೈ ಚಾಚಿದ.

ಅವ್ವ ಆ ಕೈ ಹಿಡಿಯಲಿಲ್ಲ. ಡಬ್ಬಿಯ ಚೀಲ ಅದರಲ್ಲಿಟ್ಟು, ನಿರಿಗೆ ಎತ್ತಿ ಸಿಕ್ಕಿಸಿ, ತಾನೇ ಇಳಿದು ದೋಣಿಯ ನಟ್ಟನಡುವೆ ಕೂತಳು.

"ಈಗ ಚಾಲೂ ಮಾಡ್ರಿ" ಎಂದಳು.